ತಿದ್ದದೆ ಬಿಟ್ಟ ಉತ್ತರ

ಮಧ್ಯಾಹ್ನ ಹನ್ನೆರಡು ಗಂಟೆ ಇಪ್ಪತ್ತು ನಿಮಿಷ. ಅಕ್ಕೋರ ಎರಡೂ ಕೈ ಮೊಣಕೈವರೆಗೆ ಹಿಟ್ಟಿನಲ್ಲಿ ಹುದುಗಿದ್ದವು. ಸರಕಾರದ ಪೌಷ್ಟಿಕ ಹಿಟ್ಟಿಗೆ ಬೆಲ್ಲದ ನೀರು ಕಲಸಿ ಮಕ್ಕಳಿಗೆ ಉಂಡೆ ಕಟ್ಟುವ ಹೊತ್ತು ಅದು. ಕೈ ಖಾಲಿ ಇದ್ದಿದ್ದರೆ ಅವರು ಎದ್ದು ಬಂದು ನನ್ನ ತಲೆಗೊಂದು ಮೊಟಕುತ್ತಿದ್ದರು. ಮುಂದಿನದು ಯಾವುದೂ ಆಗುತ್ತಿರಲಿಲ್ಲ.

ನಮ್ಮೂರು ಮುರಗೋಡದ ಹತ್ತಿರ. ಅಕ್ಕೋರು ಅಲ್ಲಿಯ ಬಾಲವಾಡಿ ನಡೆಸುತ್ತಿದ್ದರು. ನಾನೂ ಅವರ ಕೈಯಲ್ಲಿ ಕಲಿತವಳೇ. ಅವರ ಬಾಯಿ ಬಲು ಬಿರುಸು. ಸಿಂಬಳ ಸುರಿಸುತ್ತ ಬಂದ ಮಗುವಿಗೆ, "ನಿಮ್ಮವ್ವ ಮೂಗ ಕೊಟ್ಟಾಳ, ಒರಸಾಕ ಅರಿವಿ ಕೊಟ್ಟಿಲ್ಲೇನೊ?" ಎಂದು ಬೈದು ತಮ್ಮ ಸೆರಗಿನಿಂದಲೇ ಒರೆಸುತ್ತಿದ್ದರು. ಗುಂಡಿ ಕಿತ್ತ ಅಂಗಿಗಳಿಗೆಂದು ಬಳೆಯಲ್ಲಿ ಸದಾ ಏಳೆಂಟು ಪಿನ್ನು. ತುಂಟತನ ಮಾಡಿದವರನ್ನು ಹೊಡೆಯುತ್ತಿರಲಿಲ್ಲ. ಆದರೆ ತಪ್ಪು ಹೇಳಿದ ಮಗುವನ್ನು, ತಿದ್ದುವ ತನಕ, ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. "ತಪ್ಪ ತಿಳಕೊಂಡ ಮನೀಗೆ ಹೋದ್ರ ಅದು ಅಲ್ಲೇ ಬೇರ ಬಿಡತೈತಿ" ಅನ್ನುತ್ತಿದ್ದರು.

ತೊಂಬತ್ತರ ದಶಕದ ಕೊನೆ. ನಾನು ಧಾರವಾಡದಲ್ಲಿ ಮನಃಶಾಸ್ತ್ರದ ಎಂ.ಎ. ಓದುತ್ತಿದ್ದೆ. ಗಂಡು ಹೆಣ್ಣೆಂಬುದನ್ನು ಮಕ್ಕಳು ಹೇಗೆ ಅರಿಯುತ್ತಾರೆ ಎಂಬುದು ನನ್ನ ಪ್ರಬಂಧದ ವಿಷಯ. ಮೂರು ವರ್ಷದ ಮಗು ತಾನು ಗಂಡೋ ಹೆಣ್ಣೋ ಹೇಳಬಲ್ಲದು. ಆದರೆ ಅದು ಬದಲಾಗುವುದಿಲ್ಲ ಎಂಬುದು ತಿಳಿಯಲು ಇನ್ನೂ ಮೂರ್ನಾಲ್ಕು ವರ್ಷ ಬೇಕು; ಅಲ್ಲಿಯವರೆಗೆ ಕೂದಲು, ಅಂಗಿ ಬದಲಾದರೆ ಆಳೇ ಬದಲಾದಂತೆ ಎಂದು ಪುಸ್ತಕ ಹೇಳುತ್ತಿತ್ತು. ಅದನ್ನು ಕಣ್ಣಾರೆ ನೋಡಲು ಒಂದು ಗೊಂಬೆ ಹಿಡಿದು ಅಕ್ಕೋರ ಬಾಲವಾಡಿಗೆ ಬಂದಿದ್ದೆ.

ಬಾಲವಾಡಿಯ ಎದುರು ಮನೆಯ ಹುಡುಗ ನನಗೆ ಸಿಕ್ಕ ನಿಧಿ. ಅವನಿಗಿಂತ ಮೊದಲು ಹುಟ್ಟಿದ ಇಬ್ಬರು ಗಂಡುಮಕ್ಕಳು ತೊಟ್ಟಿಲಲ್ಲೇ ತೀರಿಕೊಂಡಿದ್ದರು. ಇವನನ್ನಾದರೂ ಸಾವಿನ ಕಣ್ಣಿಂದ ಮರೆಮಾಡಬೇಕೆಂದು ಅಜ್ಜಿ ಮೂಗು ಚುಚ್ಚಿಸಿ, ಫ್ರಾಕು ತೊಡಿಸಿ, ಹೆರಳು ಹಾಕಿ, ತಿಪ್ಪವ್ವ ಎಂದು ಕರೆದು ಬೆಳೆಸಿದ್ದಳು. ಐದು ತುಂಬಿದಾಗ ಸವದತ್ತಿಯ ಗುಡ್ಡದಲ್ಲಿ ಜಾವಳ ತೆಗೆಸಿ ತಲೆ ಬೋಳಿಸಿ, ನತ್ತು ಬಿಚ್ಚಿ, ಚಡ್ಡಿ ತೊಡಿಸಿ, "ಇವತ್ತಿನಿಂದ ನೀ ಗಂಡಸಾದಿ ನೋಡಪಾ" ಎಂದರು. ಹುಡುಗ ನಂಬಿದ. ಯಾಕೆ ನಂಬಬಾರದು?

ಆಮೇಲೆ ಅವನ ತಾಯಿ ಹೆಣ್ಣು ಹೆತ್ತಳು. ಅಜ್ಜಿಯ ಮಾತು ಓಣಿಗೆಲ್ಲ ಕೇಳುತ್ತಿತ್ತು: "ಒಂದ ಕಣ್ಣ ಕಣ್ಣಲ್ಲ, ಒಬ್ಬ ಮಗ ಮಗ ಅಲ್ಲ. ಈ ಹೆಣ್ಣ ಹೊತಗೊಂಡ ನಿನ್ನ ತವರಿಗೆ ನಡಿ."

ಆ ಮಧ್ಯಾಹ್ನ ಗೊಂಬೆ ತೋರಿಸಿ ಕೇಳಿದೆ: "ಇದರ ಕೂದ್ಲಾ ಕತ್ತರಿಸಿದ್ರ?"

"ಗಂಡ ಆಕ್ಕತ್ರಿ."

"ಖರೇ?"

"ನಾ ಆಗೀನಲ್ರಿ!"

"ಶಾಣ್ಯಾ!" ಎಂದು ಬೆನ್ನು ತಟ್ಟಿ ಉತ್ತರ ಬರೆದುಕೊಂಡೆ.

ಅಕ್ಕೋರು ಹಿಟ್ಟಿನ ಬೋಗಾಣಿಯ ಮುಂದಿನಿಂದಲೇ ಕೂಗಿದರು: "ಏ ತಂಗಿ, ಹಂಗ ಬಿಡಬ್ಯಾಡ. ತಿದ್ದಿ ಕಳಸು."

"ತಿದ್ದಬಾರದ್ರಿ ಅಕ್ಕೋರ. ನಾಳೆ ಮತ್ತ ಕೇಳೂದೈತಿ, ಉತ್ತರ ಕೆಡತೈತಿ."

"ನಿನ್ನ ಕಾಗದ ಕೆಟ್ರ ಹರದ ಒಗಿ. ಹುಡುಗನ ತಲಿ ಕೆಟ್ರ?"

ನಾನು ನಕ್ಕೆ. ಒಂದು ಗಂಟೆಗೆ ಮಕ್ಕಳು ಉಂಡೆ ಹಿಡಿದು ಮನೆಗೆ ಹೋದರು.

ಅರ್ಧ ತಾಸಿನಲ್ಲಿ ಎದುರು ಮನೆಯಿಂದ ಕೂಸಿನ ಚೀರಾಟ. ಅಕ್ಕೋರ ಹಿಂದೆಯೇ ಓಡಿದೆ. ತಾಯಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಹುಡುಗ ತೊಟ್ಟಿಲ ಪಕ್ಕದಲ್ಲಿ ಅಪ್ಪನ ದಾಡಿಯ ಬ್ಲೇಡು ಹಿಡಿದು ನಿಂತಿದ್ದ. ಕೂಸಿನ ತಲೆ, ಕಿವಿ, ಹಾಸಿದ ದುಪ್ಪಟಿ ಎಲ್ಲ ಕೆಂಪು. ಅವನ ಮುಖದಲ್ಲಿ ಭಯವಿರಲಿಲ್ಲ, ಹೆಮ್ಮೆಯಿತ್ತು. "ಇನ್ನ ಒಂದ ಚೂರ ಐತ್ರಿ ಅಕ್ಕೋರ. ಆಮ್ಯಾಲ ಅವ್ವನ್ನ ಯಾರೂ ಕಳಸೂದಿಲ್ಲ."

ನಾನು ಹೊಸ್ತಿಲಲ್ಲೇ ಉಳಿದೆ. ಅಕ್ಕೋರು ಬರಿಗೈಯಲ್ಲಿ ಬ್ಲೇಡನ್ನು ಮುಷ್ಟಿಯಲ್ಲಿ ಹಿಡಿದು ಕಿತ್ತುಕೊಂಡರು, ಸೆರಗು ಹರಿದು ಕೂಸಿನ ತಲೆಗೆ ಒತ್ತಿ ರಸ್ತೆಗೆ ಓಡಿ, ಹೋಗುತ್ತಿದ್ದ ಟೆಂಪೊ ತಡೆದು ಬೈಲಹೊಂಗಲದ ದವಾಖಾನೆಗೆ ಒಯ್ದರು. ಗಾಯ ನೆತ್ತಿಯ ಮೆತ್ತನೆ ಜಾಗ ಮುಟ್ಟಲು ಅರ್ಧ ಬೆರಳಷ್ಟೇ ಉಳಿದಿತ್ತಂತೆ. ಕೂಸು ಬದುಕಿತು.

ಅಪ್ಪ ಹುಡುಗನನ್ನು ಕಂಬಕ್ಕೆ ಕಟ್ಟಿ ಬಾರುಕೋಲಿನಿಂದ ಹೊಡೆದ. "ಯಾರ ಕಲಿಸ್ಯಾರ ಹೇಳ್!" ಹುಡುಗ, "ಬಾಲವಾಡ್ಯಾಗ ಶಾಣ್ಯಾ ಅಂದಾರ" ಎಂದ. ಸಂಜೆ ಜನ ಬಾಲವಾಡಿಯ ಮುಂದೆ ನೆರೆದರು. ಅಜ್ಜಿ ಅಕ್ಕೋರ ಮುಖಕ್ಕೆ ಉಗಿದು, "ಬಂಜಿ! ಹಡದಿದ್ರ ತಿಳೀತಿತ್ತು" ಎಂದಳು. ಅಕ್ಕೋರು ಉಗುಳು ಒರೆಸಿಕೊಂಡು, "ಹೌದ್ರಿ, ನಾನಽ ಕೇಳಿ ಶಾಣ್ಯಾ ಅಂದಿದ್ದೆ" ಎಂದರು. ನಾನು ಮೂರು ಹೆಜ್ಜೆ ಹಿಂದೆ ನಿಂತಿದ್ದೆ. ಗೊಂಬೆಯನ್ನು ಚೀಲದೊಳಗೆ ತುರುಕಿಕೊಂಡೆ. ತಿಂಗಳೊಳಗೆ ಅವರ ಕೆಲಸ ಹೋಯಿತು. ನನ್ನ ಪ್ರಬಂಧಕ್ಕೆ ಒಳ್ಳೆಯ ಅಂಕ ಬಂತು. ಹುಡುಗನ ಉತ್ತರವೂ ಅದರಲ್ಲಿತ್ತು.

ಹುಡುಗ ನಿದ್ದೆ ಬಿಟ್ಟ. "ಮತ್ತ ಹಿಂಗ ಮಾಡಿದ್ರ ಕೂದ್ಲಾ ಬೆಳಸಿ, ತಿಪ್ಪವ್ವನ್ನ ಮಾಡಿ ಗುಡ್ಡದಾಗ ಬಿಟ್ಟ ಬರತೇನಿ" ಎಂದು ಅಪ್ಪ ಹೆದರಿಸಿದ್ದ. ಕಣ್ಣು ಹತ್ತಿದೊಡನೆ ಚಿಟ್ಟನೆ ಚೀರಿ ಎದ್ದು ಕೂದಲು ಬೆಳೆದಿದೆಯೇ ಎಂದು ತಲೆ ಮುಟ್ಟಿಕೊಳ್ಳುತ್ತಿದ್ದನಂತೆ.

ಅದನ್ನು ಕೇಳಿದ ವಾರದಲ್ಲಿ ಅಕ್ಕೋರು ಒಬ್ಬರೇ ಸವದತ್ತಿಗೆ ಹೋಗಿ ತಲೆ ಬೋಳಿಸಿಕೊಂಡು ಬಂದರು. ಗುಡ್ಡದ ಕ್ಷೌರಿಕ ಹರಕೆಯೆಂದುಕೊಂಡು ಏನೂ ಕೇಳಲಿಲ್ಲವಂತೆ. ಊರು ಸುಮ್ಮನಿರಲಿಲ್ಲ. ಬಸ್‌ಸ್ಟ್ಯಾಂಡಿನಿಂದಲೇ ಹುಡುಗರು "ಬೋಡಿ ಬಂದ್ಲು" ಎಂದು ಬೆನ್ನು ಹತ್ತಿದರು. ಗಂಡ ಬಾಗಿಲಲ್ಲೇ ತಡೆದು, "ನಾ ಇನ್ನಾ ಸತ್ತಿಲ್ಲಲೆ" ಎಂದ. ಆಮೇಲೆ ಅವರೊಡನೆ ಎಂದೂ ಮಾತಾಡಲಿಲ್ಲ.

ಅಕ್ಕೋರು ಅಲ್ಲಿಂದ ನೇರ ಹುಡುಗನ ಮನೆಯ ಕಟ್ಟೆಗೆ ಬಂದು ಕುಳಿತು ತಲೆಯ ಮೇಲಿನ ಸೆರಗು ಸರಿಸಿದರು. "ನೋಡೊ. ನಾ ಯಾರು?"

ಹುಡುಗ ಹತ್ತಿರ ಬಂದು ಬೋಳು ತಲೆ ಮುಟ್ಟಿ ನೋಡಿದ. "ಅಕ್ಕೋರು."

"ಕೂದ್ಲಾ ಇಲ್ಲಲ್ಲ. ಗಂಡ ಆದ್ನೇನು?"

"ಇಲ್ರಿ. ಅಕ್ಕೋರಽ ಅದೀರಿ."

"ನಿನ್ನ ಕೂದ್ಲಾ ಬೆಳದ್ರ?"

"ನಾ... ನಾನಽ."

"ತಂಗೀದು ಬೋಳಿಸಿದ್ರ?"

ಅವನಿಗೆ ಅರ್ಥವಾಯಿತು. ಅರ್ಥವಾದ ಕೂಡಲೇ ಅತ್ತ. "ಹಂಗಾರ ಅವ್ವನ್ನ ಕಳಸತಾರಲ್ರಿ?"

ಅಕ್ಕೋರು ಸೆರಗಿನಿಂದ ಅವನ ಕಣ್ಣು ಒರೆಸಿದರು. ಕೊನೆಗೆ, "ಕಳಿಸಿದ್ರ ನೀನೂ ಅವ್ವನ ಕೈ ಹಿಡದ ನಡಿ. ಹೆಂಗ ಕಳಸತಾರ ನೋಡೂಣು" ಎಂದರು.

ಎರಡು ವರ್ಷ ಬಿಟ್ಟು ಅವರು ಹಾಸಿಗೆ ಹಿಡಿದಾಗ ಹೋಗಿ ಕಾಲು ಹಿಡಿದೆ. "ಅವನ ಉತ್ತರದ ಕೆಳಗ ತಪ್ಪು ಅಂತ ಬರದೀಯೇನು?" ಎಂದು ಕೇಳಿದರು. ಇಲ್ಲವೆಂದೆ. ಮುಖ ಗೋಡೆಯ ಕಡೆ ತಿರುಗಿಸಿದರು. ಅದೇ ಕೊನೆ.

ಮಣ್ಣು ಕೊಟ್ಟು ಬರುವಾಗ ಹುಡುಗನ ತಾಯಿ ಜೊತೆಗೆ ನಡೆದಳು. ಅವಳನ್ನು ತವರಿಗೆ ಕಳಿಸಿರಲಿಲ್ಲ. ಹುಡುಗ ಅವಳ ಸೆರಗು ಬಿಟ್ಟಿರಲಿಲ್ಲ. ಅಕ್ಕೋರು ಕಟ್ಟೆಗೆ ಬಂದ ದಿನದ ಮಾತು ತೆಗೆದಳು. "ಅವತ್ತ ರಾತ್ರಿ ಒಮ್ಮಿನೂ ಚೀರಲಿಲ್ರಿ. ಹೊತ್ತ ಏರಿದ್ರೂ ಏಳಲಿಲ್ಲ. ಸತ್ತಾನೇನೋ ಅಂತ ಮೂಗಿಗೆ ಕೈ ಹಿಡದ ನೋಡಿದ್ನಿ."