ಟವೆಲ್ಲಿನ ಕೆಳಗಿನ ಬಜೆಟ್

ಮರುಳಸಿದ್ದಣ್ಣನವರು ಬಜೆಟ್ ಪುಸ್ತಕವನ್ನು ಓದುವ ಮೊದಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ತಮಾಷೆಗಲ್ಲ. ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ಗಂಭೀರವಾಗಿ ಅಲ್ಲಾಡಿಸಿ, ಸ್ವಲ್ಪ ಬಿಟ್ಟು ಇನ್ನೊಮ್ಮೆ ಅಲ್ಲಾಡಿಸಿ, ಆಮೇಲೆ ಪುಸ್ತಕವನ್ನು ಮೇಜಿನ ಮೇಲಿಟ್ಟು, “ಇನ್ನೂ ಒಣಗಿಲ್ಲ ಕಣಮ್ಮ. ಒಳಗೆ ನೀರೈತೆ,” ಅನ್ನುತ್ತಿದ್ದರು.

ಅವರದು ಕೊಬ್ಬರಿ ವ್ಯಾಪಾರ. ತೆಂಗಿನಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಟ್ಟು, ಒಳಗಿನ ಉಂಡೆ ಚಿಪ್ಪಿನಿಂದ ಕಳಚಿಕೊಂಡಿತೋ ಇಲ್ಲವೋ ಎಂದು ಅಲ್ಲಾಡಿಸಿ ನೋಡುವುದು ತಾತನ ಕಾಲದಿಂದ ಬಂದ ಕಸುಬು. ಕಡಕಡ ಅಂದರೆ ಒಣಗಿದೆ, ಸುಮ್ಮನಿದ್ದರೆ ಇನ್ನೂ ಹಸಿ. ನಮ್ಮ ಪುರಸಭೆಯ ಬಜೆಟ್ಟಿಗೂ ಅದೇ ಪರೀಕ್ಷೆ. ಅದು ಯಾವ ವರ್ಷವೂ ಒಂದೇ ಸಲಕ್ಕೆ ಒಣಗಿದ್ದಿಲ್ಲ. ಮಾರ್ಚ್ ತಿಂಗಳು ಮುಗಿಯುತ್ತ ಬಂದು, ಇನ್ನು ತಡಮಾಡಿದರೆ ಜಿಲ್ಲೆಯಿಂದ ನೋಟೀಸು ಬರುತ್ತದೆ ಎಂದಾಗ ಮಾತ್ರ ತಾನಾಗಿ ಒಣಗಿಬಿಡುತ್ತಿತ್ತು.

ಅರಸೀಕೆರೆಯಿಂದ ಹಳೇಬೀಡಿಗೆ ಹೋಗುವ ಬಸ್ಸಿನಲ್ಲಿ ಜನ ನಿದ್ದೆ ಹತ್ತಿಸಿಕೊಳ್ಳುವ ಹೊತ್ತಿಗೆ ಬರುವ ಊರು ನಮ್ಮದು. ಪೇಟೆ ಅಂದರೆ ಪೇಟೆ, ಹಳ್ಳಿ ಅಂದರೆ ಹಳ್ಳಿ. ಪುರಸಭೆ ಇದೆ, ಅದರಲ್ಲಿ ಲೆಕ್ಕದ ಶಾಖೆ ಇದೆ, ಆ ಶಾಖೆಯಲ್ಲಿ ಕಿಟಕಿ ಪಕ್ಕದ ಮೇಜು ನನ್ನದು. ಬಜೆಟ್ಟಿನ ಕರಡು ಟೈಪು ಮಾಡುವುದು, ಸಭೆಯ ನಡಾವಳಿ ಬರೆಯುವುದು, ಸದಸ್ಯರಿಗೆ ವಡೆ ಸಾಕಾಗುತ್ತದೋ ಇಲ್ಲವೋ ನೋಡಿಕೊಳ್ಳುವುದು ಎಲ್ಲ ನನ್ನ ಪಾಲಿನ ಕೆಲಸ. ಸಿದ್ದಣ್ಣನವರು ಹಣಕಾಸು ಸಮಿತಿಯ ಅಧ್ಯಕ್ಷರು. ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ, ಹೆಗಲ ಮೇಲೆ ದೊಡ್ಡದೊಂದು ಟವೆಲ್. ಮೈಯೆಲ್ಲ ಕೊಬ್ಬರಿಯ ವಾಸನೆ. ಅವರು ಬಂದರೆಂದರೆ ನನಗೆ ಹೋಳಿಗೆ ನೆನಪಾಗುತ್ತಿತ್ತು.

ಬಜೆಟ್ಟಿಗೆ ಮೊದಲು ಸಾರ್ವಜನಿಕರ ಸಲಹೆ ಕೇಳಬೇಕೆಂಬ ನಿಯಮವಿದೆ. ಒಂದು ವರ್ಷ ಆ ಸಭೆಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಎದ್ದು ನಿಂತು, ನಮ್ಮೂರಿಗೆ ರೈಲು ಬೇಕು ಎಂದರು.

“ಮೇಷ್ಟ್ರೇ, ರೈಲು ಪುರಸಭೆ ಕೈಲಿಲ್ಲ,” ಎಂದರು ಸಿದ್ದಣ್ಣ.

“ಅದಕ್ಕೇ ಕೇಳ್ತಿರೋದು. ನಿಮ್ಮ ಕೈಲಿರೋದು ಯಾವುದೂ ಇದುವರೆಗೆ ಆಗಿಲ್ವಲ್ಲ.”

ಸಭೆ ಗೊಳ್ಳೆಂದಿತು. ಬೇರೆ ಯಾರಾದರೂ ಆಗಿದ್ದರೆ ಮುಖ ಸಿಂಡರಿಸುತ್ತಿದ್ದರು. ಸಿದ್ದಣ್ಣ ನನ್ನ ಕಡೆ ತಿರುಗಿ, “ಬರ್ಕೊಳಮ್ಮ, ರೈಲು ಒಂದು,” ಎಂದರು. ಬರೆದುಕೊಂಡೆ. ಮುಂದಿನ ವರ್ಷದ ಕರಡಿನಲ್ಲಿ ಅದು ‘ಪರಿಶೀಲನೆಯಲ್ಲಿದೆ’ ಎಂಬ ಶೀರ್ಷಿಕೆಯ ಕೆಳಗೆ, ಎಮ್ಮೆ ಹಿಡಿಯುವ ಗಾಡಿಯ ಪಕ್ಕದಲ್ಲಿ ಬಂದು ಕೂತಿತು. ಮೇಷ್ಟ್ರು ಅದನ್ನು ಓದಿ ನಿಜಕ್ಕೂ ಸಂತೋಷಪಟ್ಟರು.

ಸಂತೆಮಾಳದ ಹೆಂಗಸರ ಶೌಚಾಲಯವೂ ಅದೇ ಶೀರ್ಷಿಕೆಯ ಕೆಳಗಿತ್ತು. ಅದು ಮಾತ್ರ ನಗುವ ವಿಷಯವಾಗಿರಲಿಲ್ಲ. ಸೊಪ್ಪು, ಬಾಳೆಹಣ್ಣು, ಒಣಮೆಣಸಿನಕಾಯಿ ಹೊತ್ತು ಸುತ್ತಿನ ಹಳ್ಳಿಗಳಿಂದ ಬರುವ ಹೆಂಗಸರು ಬೆಳಿಗ್ಗೆಯಿಂದ ಸಂಜೆಯವರೆಗೆ ಅಲ್ಲೇ ಕೂರುತ್ತಾರೆ. ಬಿಸಿಲಲ್ಲಿ ಗಂಟಲೊಣಗಿದರೂ ನೀರು ಕುಡಿಯುವುದಿಲ್ಲ. ಕುಡಿದರೆ ಹೋಗುವುದೆಲ್ಲಿಗೆ? ಸಿದ್ದಣ್ಣನವರ ಹೆಂಡತಿ ಗಂಗಕ್ಕ ಪ್ರತಿ ಸಂತೆಗೂ ಹೋಗುತ್ತಿದ್ದರು, ಪ್ರತಿ ಸಂತೆಯಲ್ಲೂ ಆ ಹೆಂಗಸರು ಅವರ ಸೆರಗು ಹಿಡಿಯುತ್ತಿದ್ದರು. “ನಿನ್ನ ಯಜಮಾನ್ರು ದುಡ್ಡಿನ ಸಮಿತೀಲವ್ರಂತೆ, ಒಂದು ಕೋಣೆ ಕಟ್ಟಿಸೋಕಾಗಲ್ವಾ ತಾಯಿ?” ಗಂಗಕ್ಕ ಅಲ್ಲಿಂದ ನೇರ ನಮ್ಮ ಕಚೇರಿಗೆ ಬಂದು, ಗಂಡನ ಎದುರು ಚೀಲವನ್ನು ಧೊಪ್ಪೆಂದು ಇಡುತ್ತಿದ್ದರು.

“ಮಾಡಣ ಕಣೇ. ಆದ್ರೆ ಅದಕ್ಕೆ ಕೇಳೋರು ಯಾರವ್ರೆ?”

“ನಾನು ಕೇಳ್ತಿಲ್ವಾ?”

“ನೀನು ಮೆಂಬರಾ?”

ಅಡಚಣೆ ಇದ್ದದ್ದು ಅಲ್ಲೇ. ಸಂತೆಮಾಳ ಮೂರು ವಾರ್ಡುಗಳು ಕೂಡುವ ಕಡೆ ಇದೆ, ಆದ್ದರಿಂದ ಯಾವ ವಾರ್ಡಿನದೂ ಅಲ್ಲ. ಅಲ್ಲಿ ಕೂರುವ ಹೆಂಗಸರ ವೋಟು ನಮ್ಮೂರಲ್ಲಿಲ್ಲ. ತನ್ನ ವಾರ್ಡಿನ ಚರಂಡಿ ಬಿಟ್ಟುಕೊಟ್ಟು ಅದಕ್ಕಾಗಿ ಜಗಳ ಆಡುವ ಸದಸ್ಯ ಯಾರೂ ಇರಲಿಲ್ಲ. ಹೀಗಾಗಿ ಪ್ರತಿ ವರ್ಷ ನೆಪಕ್ಕೊಂದು ಚಿಕ್ಕ ಮೊತ್ತ ಇಡುತ್ತಿದ್ದೆವು. ಆ ಮೊತ್ತಕ್ಕೆ ಆಗುವ ಕೆಲಸ ಒಂದೇ. ‘ಇಲ್ಲಿ ಮಹಿಳಾ ಶೌಚಾಲಯ ನಿರ್ಮಿಸಲಾಗುವುದು’ ಎಂಬ ಬೋರ್ಡಿಗೆ ಹೊಸ ಬಣ್ಣ. ಊರಿನಲ್ಲಿ ಅಷ್ಟು ಚೆನ್ನಾಗಿ ನೋಡಿಕೊಂಡ ಬೋರ್ಡು ಇನ್ನೊಂದಿರಲಿಲ್ಲ.

ಬಜೆಟ್ ಪರಿಶೀಲನಾ ಸಭೆ ಎಂದರೆ ಆಗ ಬರೀ ಕೂಗಾಟ. ಒಬ್ಬರಿಗೆ ಇಷ್ಟು ಎಂದು ಓದಿದರೆ ಪಕ್ಕದವರು ನನಗೆ ಅದಕ್ಕಿಂತ ಒಂದು ರೂಪಾಯಿಯಾದರೂ ಹೆಚ್ಚು ಬೇಕು ಅನ್ನುತ್ತಿದ್ದರು. ಬಸ್ ಸ್ಟ್ಯಾಂಡ್ ಹಿಂದಿನ ವಾರ್ಡಿನ ಮಂಜಣ್ಣನದು ಎಲ್ಲರಿಗಿಂತ ದೊಡ್ಡ ಗಂಟಲು. ಒಂದು ಸಲ ಅವನು ಮೇಜು ಗುದ್ದಿದ ರಭಸಕ್ಕೆ ವಡೆಯ ತಟ್ಟೆ ಹಾರಿ ಮುಖ್ಯಾಧಿಕಾರಿಯ ಮಡಿಲಿಗೆ ಬಿತ್ತು. ಅವರು ಅರೇಹಳ್ಳಿ ಕಡೆಯ ಹುಡುಗ, ಹೊಸದಾಗಿ ಬಂದವರು. ಚಟ್ನಿ ಒರೆಸಿಕೊಳ್ಳುತ್ತ, “ಹೀಗೇ ಆದರೆ ಈ ವರ್ಷ ಬಜೆಟ್ ಮಂಡಿಸೋಕಾಗಲ್ಲ,” ಎಂದು ಅಳುವ ಹಾಗಾದರು.

ಆಗ ಸಿದ್ದಣ್ಣ ಹೆಗಲ ಮೇಲಿನ ಟವೆಲ್ ತೆಗೆದು ಒದರಿದರು. “ಎಲ್ರೂ ಬಾಯಿ ಮುಚ್ಚಿ. ಏನ್ಲಾ ಮಂಜ, ಇಲ್ಲಿ ಬಾ. ಕೈ ಕೊಡು.”

ಕೊಬ್ಬರಿ, ದನ ಇವುಗಳ ಹಳೆಯ ವ್ಯಾಪಾರ ನೋಡಿದವರಿಗೆ ಇದು ಗೊತ್ತು. ಕೊಡುವವನೂ ಕೊಳ್ಳುವವನೂ ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಅದುಮಿ ಬೆಲೆ ಕುದುರಿಸುತ್ತಾರೆ. ಸುತ್ತ ನಿಂತವರಿಗೆ ಒಂದು ಅಕ್ಷರ ತಿಳಿಯದು. ಸಿದ್ದಣ್ಣ ಅದನ್ನೇ ತಂದು ಸಭಾಂಗಣದಲ್ಲಿ ಹೂಡಿದರು. ಒಂದು ಬೆರಳು ಹಿಡಿದರೆ ಒಂದು ಲಕ್ಷ, ಗಿಣ್ಣು ಹಿಡಿದರೆ ಅರ್ಧ. ಒಬ್ಬೊಬ್ಬರೇ ಬಂದು ಕೈ ಕೊಟ್ಟರು. ಮಹಿಳಾ ಸದಸ್ಯರ ಪರವಾಗಿ ಅವರ ಗಂಡಂದಿರು ಕೈ ಕೊಟ್ಟರು. ಅದು ಮೊದಲಿನಿಂದಲೂ ನಡೆದುಬಂದ ಪದ್ಧತಿ, ಟವೆಲ್ ಮಾತ್ರ ಹೊಸದು. ಪಕ್ಕದವನಿಗೆ ಎಷ್ಟು ಸಿಕ್ಕಿತೆಂದು ಗೊತ್ತಾಗದ ಕಾರಣ ಹೊಟ್ಟೆಕಿಚ್ಚಿಗೆ ದಾರಿಯೇ ಇರಲಿಲ್ಲ. ಪ್ರತಿಯೊಬ್ಬನೂ ತನಗೇ ಹೆಚ್ಚು ಬಂತೆಂದು ಮೀಸೆಯಲ್ಲಿ ನಗುತ್ತ ಹೋಗಿ ಕೂತ. ಅಂಥ ಮೌನದ ಸಭೆಯನ್ನು ನಾನು ಕಂಡಿರಲಿಲ್ಲ. ನಡಾವಳಿಯಲ್ಲಿ ‘ಸದಸ್ಯರು ಕೂಲಂಕಷವಾಗಿ ಚರ್ಚಿಸಿದರು’ ಎಂದು ಬರೆದೆ.

ತೊಂದರೆ ಶುರುವಾದದ್ದು ಸದಸ್ಯರೆಲ್ಲ ಹೋದ ಮೇಲೆ. ನಾನು ಪೆನ್ನು ಹಿಡಿದು, “ಹೇಳಿ ಅಣ್ಣ, ಮೊದಲನೇ ವಾರ್ಡಿಗೆ ಎಷ್ಟು?” ಎಂದೆ.

ಸಿದ್ದಣ್ಣ ನನ್ನನ್ನು ಪಿಳಿಪಿಳಿ ನೋಡಿದರು. “ಅದ್ಹೆಂಗೆ ಹೇಳಲಿ? ಬಟ್ಟೆ ಕೆಳಗಿನ ಮಾತು ಬಾಯಿಗೆ ಬರಬಾರದು ಕಣಮ್ಮ. ನಮ್ಮಪ್ಪ ಸಾಯೋವರೆಗೂ ಒಂದು ರೇಟು ಬಾಯಿ ಬಿಟ್ಟಿಲ್ಲ.”

“ಹೇಳಬೇಡಿ, ಚೀಟೀಲಿ ಬರೆದುಕೊಡಿ.”

“ಬರೆದ್ರೂ ಅದು ಬಾಯೇ.”

ಅಂದರೆ ನಮ್ಮೂರಿನ ಇಡೀ ವರ್ಷದ ಬಜೆಟ್ ಒಬ್ಬ ಮನುಷ್ಯನ ಬೆರಳುಗಳಲ್ಲಿ ಇತ್ತು, ಆತ ಅದನ್ನು ಹೇಳಲು ತಯಾರಿರಲಿಲ್ಲ. ಬೇಕಾದರೆ ಟವೆಲ್ಲಿನ ಕೆಳಗೇ ದಾಟಿಸುತ್ತೇನೆ, ಅದಕ್ಕೆ ಅಡ್ಡಿಯಿಲ್ಲ ಎಂದರು. ಮುಖ್ಯಾಧಿಕಾರಿ ಎರಡು ಹೆಜ್ಜೆ ಹಿಂದೆ ಸರಿದು, “ನನ್ನಿಂದಾಗಲ್ಲ ರೀ, ಯಾರಾದ್ರೂ ಫೋಟೋ ತೆಗೆದ್ರೆ ನನ್ನ ಕೆಲಸ ಹೋಗ್ತದೆ,” ಎಂದರು. ಉಳಿದವಳು ನಾನು. ಸಿದ್ದಣ್ಣ ನಾಲಗೆ ಕಚ್ಚಿಕೊಂಡರು. “ಇನ್ನೊಬ್ಬರ ಮನೆ ಹೆಣ್ಣುಮಗಳ ಕೈ ಹಿಡಿಯೋದುಂಟೇನಮ್ಮ? ತಡಿ, ನಮ್ಮನೆಯೋಳನ್ನ ಕರೆಸ್ತೀನಿ.”

ಗಂಗಕ್ಕ ಕೊಬ್ಬರಿ ಮಂಡಿಯಿಂದ ಹಾಗೇ ಬಂದರು, ಕೈಯಲ್ಲಿನ್ನೂ ತೆಂಗಿನ ನಾರು ಅಂಟಿತ್ತು. ವಿಷಯ ಕೇಳಿ ನಗಲಿಲ್ಲ. ಕುರ್ಚಿ ಎಳೆದುಕೊಂಡು ನಮ್ಮಿಬ್ಬರ ನಡುವೆ ಕೂತರು. ಅವರ ಬಲಗೈ ಗಂಡನ ಟವೆಲ್ಲಿನ ಕೆಳಗೆ, ಎಡಗೈ ಅವರದೇ ಸೆರಗಿನ ಕೆಳಗೆ ನನ್ನ ಕೈಯಲ್ಲಿ. ಸಿದ್ದಣ್ಣ, “ಒಂದನೇ ವಾರ್ಡು,” ಅನ್ನುತ್ತಿದ್ದರು. ಆ ಕಡೆ ಟವೆಲ್ಲಿನ ಕೆಳಗೆ ಏನೋ ಅದುಮುತ್ತಿದ್ದರು. ಗಂಗಕ್ಕ ಫ್ಯಾನು ನೋಡುತ್ತ ಸ್ವಲ್ಪ ಯೋಚಿಸಿ ನನ್ನ ಬೆರಳು ಅದುಮುತ್ತಿದ್ದರು. ನಾನು ಬಲಗೈಯಲ್ಲಿ ಬರೆಯುತ್ತಿದ್ದೆ. ಮೂರು ಬೆರಳು ಹಿಡಿದು, ಮೂರನೆಯದರ ತುದಿಯಿಂದ ಮೆಲ್ಲಗೆ ಗಿಣ್ಣಿಗೆ ಜಾರುತ್ತಿದ್ದರು, ಮೂರು ಎರಡೂವರೆಯಾಗುತ್ತಿತ್ತು. ಪ್ರತಿ ವಾರ್ಡಿಗೂ ಹೀಗೇ ಜಾರಿತು. ಎಲ್ಲ ಮುಗಿದು ಸಿದ್ದಣ್ಣ ಟವೆಲ್ ಕೊಡವಿ ಮುಖ ಒರೆಸಿಕೊಳ್ಳುತ್ತಿದ್ದಾಗಲೂ ಗಂಗಕ್ಕ ನನ್ನ ಕೈ ಬಿಟ್ಟಿರಲಿಲ್ಲ. ಐದೂ ಬೆರಳು ಸೇರಿಸಿ ಇಡೀ ಹಸ್ತವನ್ನು ಗಟ್ಟಿಯಾಗಿ ಅದುಮಿದರು. ಬಿಟ್ಟು ಮತ್ತೊಮ್ಮೆ ಅದುಮಿದರು.

“ಇದು ಯಾವ ವಾರ್ಡು ಅಕ್ಕ?” ಎಂದು ಮೆಲ್ಲಗೆ ಕೇಳಿದೆ.

“ಸಂತೆಮಾಳ,” ಎಂದರು, ಫ್ಯಾನು ನೋಡುತ್ತಲೇ.

ಬಂದದ್ದನ್ನು ಬರೆಯುವುದು ನನ್ನ ಕೆಲಸ. ಬರೆದೆ. ಕೂಡಿಸಿದಾಗ ಮೊತ್ತ ಕಚೇರಿಯಲ್ಲಿದ್ದ ಹಣಕ್ಕೆ ಸರಿಯಾಗಿ ಹೊಂದಿತು. ಮುಖ್ಯಾಧಿಕಾರಿ ಟವೆಲ್ಲಿಗೆ ಕೈ ಮುಗಿಯುವುದೊಂದು ಬಾಕಿ.

ಮಂಡನೆಯ ದಿನ ಮುಖ್ಯಾಧಿಕಾರಿ ಒಂದೊಂದೇ ವಾರ್ಡು ಓದುತ್ತ ಹೋದಂತೆ ಸದಸ್ಯರ ಮುಖಗಳು ಒಂದೊಂದಾಗಿ ಬಾಡಿದವು. ಮಂಜಣ್ಣ ಅರ್ಧ ಎದ್ದ.

“ಸಿದ್ದಣ್ಣ, ನಂದು...”

“ನಿಂದೇನ್ಲಾ?”

“ಅವತ್ತು ನಾವು ಮಾತಾಡಿದ್ದು...”

“ಎಷ್ಟು ಮಾತಾಡಿದ್ವಿ? ಬಾಯಿ ಬಿಟ್ಟು ಹೇಳು, ಎಲ್ರೂ ಕೇಳಲಿ.”

ಮಂಜಣ್ಣನ ಮನೆಯವರೂ ಮೂರು ತಲೆಮಾರಿನ ಕೊಬ್ಬರಿಯವರೇ. ಬಾಯಿ ತೆರೆದ, ಮುಚ್ಚಿದ, ಕೂತ. ಊರಿನ ಅತಿ ದೊಡ್ಡ ಗಂಟಲು ಹೀಗೆ ಅಡಗಿತು. ಉಳಿದವರು, ಅವನಿಗೂ ಕಡಿಮೆಯಾಗಿದೆ ಎಂದು ಗೊತ್ತಾದ ಖುಷಿಗೆ ಮೇಜು ಕುಟ್ಟಿ ಬಜೆಟ್ಟಿಗೆ ಒಪ್ಪಿಗೆ ಕೊಟ್ಟರು. ಅಷ್ಟು ಹೊತ್ತೂ ಸಿದ್ದಣ್ಣನವರ ಮುಖದಲ್ಲಿ ಬದಲಾವಣೆ ಇರಲಿಲ್ಲ. ಅವರದೇ ವಾರ್ಡು ಓದಿದಾಗ ಮಾತ್ರ ಕೆಮ್ಮಿದರು. ಗಂಗಕ್ಕ ಎಲ್ಲಕ್ಕಿಂತ ಹೆಚ್ಚು ಕಡಿತ ಮಾಡಿದ್ದು ಅಲ್ಲೇ, ತಮ್ಮ ಮನೆಯ ಮುಂದಿನ ಚರಂಡಿಯಲ್ಲೇ.

ಸಭೆ ಮುಗಿದ ಮೇಲೆ ಸಿದ್ದಣ್ಣ ನನ್ನ ಮೇಜಿನ ಹತ್ತಿರ ಬಂದು ನಿಂತರು. ನಾನು ಕಾಗದ ಜೋಡಿಸುತ್ತಲೇ ಇದ್ದೆ.

“ನಮ್ಮನೆಯೋಳು ನಿನ್ನ ಕೈಲಿ ಎಷ್ಟು ಅದುಮಿದಳಮ್ಮ?”

“ಅದನ್ನ ಬಾಯಲ್ಲಿ ಹೇಳೋ ಹಾಗಿಲ್ವಲ್ಲ ಅಣ್ಣ.”

ಟವೆಲ್ ತೆಗೆದು ಇನ್ನೊಂದು ಹೆಗಲಿಗೆ ಹಾಕಿಕೊಂಡರು. ಆಮೇಲೆ ಹೊಟ್ಟೆ ಕುಲುಕುವಂತೆ ನಕ್ಕರು. “ಇಷ್ಟು ವರ್ಷ ವ್ಯಾಪಾರ ಮಾಡಿವ್ನಿ. ನನ್ನ ಮನೇಲೇ ಇಂಥ ದಲ್ಲಾಳಿ ಇದ್ದದ್ದು ಗೊತ್ತಿರಲಿಲ್ಲ.” ಬೇಕಿದ್ದರೆ ಅವರು ಅಂದೇ ತಿದ್ದಿಸಬಹುದಿತ್ತು. ತಿದ್ದಿಸಲಿಲ್ಲ.

ಅದರ ಬೆಲೆ ಅವರೇ ತೆತ್ತರು. ಮುಂದಿನ ಚುನಾವಣೆಯಲ್ಲಿ, ಸ್ವಂತ ಬೀದಿಯ ಚರಂಡಿ ಮಾಡಿಸದವರು ಇನ್ನೇನು ಮಾಡಿಸುತ್ತಾರೆ ಎಂದು ಬೀದಿಯವರೇ ಅವರನ್ನು ಸೋಲಿಸಿದರು. ಅಷ್ಟರಲ್ಲಿ ಶೌಚಾಲಯ ಮುಗಿದಿತ್ತು. ಗುಲಾಬಿ ಬಣ್ಣದ ಗೋಡೆ, ಮೇಲೆ ನೀರಿನ ಟ್ಯಾಂಕು, ಒಳಗೆ ಟೈಲ್ಸು. ಬಾಗಿಲಿಗೆ ಬೀಗ. ಉದ್ಘಾಟನೆಗೆ ದೊಡ್ಡವರು ಬರಬೇಕು, ದೊಡ್ಡವರ ತಾರೀಖು ಸಿಗಬೇಕು. ಒಂದು ಸಲ ಸಿಕ್ಕಿತು, ಆದರೆ ಶೌಚಾಲಯದ ಟೇಪು ಕತ್ತರಿಸುವ ಫೋಟೋ ಚೆನ್ನಾಗಿ ಕಾಣುವುದಿಲ್ಲ ಎಂದು ಅವರ ಕಡೆಯವರು ಬೇಡವೆಂದರು. ಹೆಂಗಸರು ಬೀಗ ಹಾಕಿದ ಬಾಗಿಲಿನ ನೆರಳಲ್ಲಿ ಸೊಪ್ಪು ಹರಡಿಕೊಂಡು, ನೀರು ಕುಡಿಯದೆ ಕೂತಿದ್ದರು.

ಒಂದು ಸಂತೆಯ ದಿನ ಸಿದ್ದಣ್ಣ ಕಚೇರಿಗೆ ಬಂದರು. ಮೈ ಇಳಿದುಹೋಗಿತ್ತು, ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು.

“ಆ ಬೀಗದಕೈ ಕೊಡಮ್ಮ.”

“ಉದ್ಘಾಟನೆ ಆಗಿಲ್ವಲ್ಲ ಅಣ್ಣ. ಮೇಲಾಗಿ ನೀವೀಗ ಮೆಂಬರ್ ಅಲ್ಲ.”

“ಅಲ್ಲ. ಅದಕ್ಕೇ ನನ್ನನ್ನ ಯಾರೂ ಏನೂ ಮಾಡಂಗಿಲ್ಲ. ನಿನ್ನನ್ನ ಕೇಳಿದ್ರೆ, ಆ ಮುದುಕ ಕಿತ್ಕೊಂಡು ಹೋದ ಅನ್ನು.”

ಕೊಟ್ಟೆ. ಪಂಚೆ ಎತ್ತಿ ಹಿಡಿದು, ಮೆಟ್ಟಿಲಿನ ಕಂಬಿ ಹಿಡಿದುಕೊಂಡು ನಿಧಾನಕ್ಕೆ ಇಳಿದರು. ಕಿಟಕಿಯಿಂದ ನೋಡಿದೆ, ಸಂತೆಯ ಜನರ ನಡುವೆ ಬಿಳಿ ಪಂಚೆ ಸ್ವಲ್ಪ ದೂರದವರೆಗೆ ಕಂಡಿತು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಆ ಬೇಸಿಗೆಯಲ್ಲೇ ಎದೆನೋವು ಬಂದು ಹೋಗಿಬಿಟ್ಟರು.

ಉದ್ಘಾಟನೆ ಇವತ್ತಿಗೂ ಆಗಿಲ್ಲ. ಕಾಗದದ ಪ್ರಕಾರ ಆ ಬಾಗಿಲು ಮುಚ್ಚಿಯೇ ಇದೆ. ಮೊನ್ನೆ ಸಂತೆಯಲ್ಲಿ ಕರಿಬೇವು ತೆಗೆದುಕೊಳ್ಳುತ್ತಿದ್ದಾಗ ಗಂಗಕ್ಕ ಅದೇ ಬಾಗಿಲಿನಿಂದ ಹೊರಗೆ ಬಂದರು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ. ಪಕ್ಕದಲ್ಲೊಬ್ಬ ಸೊಪ್ಪಿನವಳು ತಂಬಿಗೆ ಎತ್ತಿ ಗಟಗಟ ನೀರು ಕುಡಿಯುತ್ತಿದ್ದಳು. ಗಂಗಕ್ಕ ನನ್ನನ್ನು ನೋಡಿ ನಿಂತರು.

“ನಲ್ಲೀಲಿ ನೀರು ಚೆನ್ನಾಗಿ ಬತ್ತೈತೆ ಕಣಮ್ಮ,” ಎಂದರು. “ಮನೆಗೋಗಿ ಅವ್ರಿಗೆ ಹೇಳೋಣ ಅನ್ನಿಸ್ತದೆ. ಬಾಗಿಲವರೆಗೂ ಹೋದ ಮೇಲೆ ನೆನಪಾಗ್ತದೆ.”