ಲೆಕ್ಕದಲ್ಲಿಲ್ಲದ ಬೆಕ್ಕು

ಒಣಸೆಟ್ಲಿಯ ಡಬ್ಬಿಯ ಮುಚ್ಚಳ ತೆಗೆದರೆ ನಿಮಗೆ ಮೂಗು ಮುಚ್ಚಿಕೊಳ್ಳಬೇಕೆನಿಸೀತು. ನನಗೆ ಚಿನ್ನದ ನೆನಪಾಗುತ್ತದೆ. ಉಪ್ಪುಂದದಲ್ಲಿ ಮೀನು ಮಾರುತ್ತಿದ್ದ ನನ್ನ ಅಮ್ಮ ತನ್ನ ಚಿನ್ನದ ನಾಣ್ಯಗಳನ್ನು ಬಚ್ಚಿಡುತ್ತಿದ್ದುದು ಈ ಒಣ ಸಿಗಡಿಯ ಅಡಿಯಲ್ಲಿ. ನನ್ನ ಅಡುಗೆಯ ಮೇಲೆ ಅವಳಿಗೆ ನಂಬಿಕೆಯಿರಲಿಲ್ಲ. ಹುಲಿಯನ್ನೂ ಸೇರಿಸಿ ಅರೆದುಬಿಟ್ಟೇನೆಂದು ಸೆಟ್ಲಿ ಚಟ್ನಿಯನ್ನು ನನಗೆ ಬಿಡುತ್ತಲೇ ಇರಲಿಲ್ಲ.

ಹುಲಿ ಎಂದೆನಲ್ಲ. ಚೀನಾದವರ ಲೆಕ್ಕದಲ್ಲಿ ವರ್ಷಕ್ಕೊಂದು ಪ್ರಾಣಿಯಂತೆ; ಇಲಿ, ಎತ್ತು, ಹುಲಿ, ಮೊಲ, ಹೀಗೆ ಹನ್ನೆರಡು. ಆಯಾ ವರ್ಷದ ಪ್ರಾಣಿ ಮೂಡಿಸಿದ, ಉಗುರಿನಷ್ಟು ಅಗಲದ ನಾಣ್ಯವನ್ನು ಅಮ್ಮನ ತಮ್ಮ, ಹಡಗಿನಲ್ಲಿ ಅಡುಗೆ ಮಾಡುವ ಮಾವ, ತರುತ್ತಿದ್ದರು. ಅಮ್ಮ ಮೀನು ಮಾರಿದ ದುಡ್ಡು ಕೊಟ್ಟೇ ತೆಗೆದುಕೊಳ್ಳುವಳು. ಹಂದಿ ಬಂದ ವರ್ಷ ಹಂದಿರೂಪದ ದೈವ ಪಂಜುರ್ಲಿಯೆಂದು ಕೈಮುಗಿದು, ದೇವರ ಮುಂದಿಟ್ಟ ಮೇಲೇ ಡಬ್ಬಿಗೆ ಹಾಕಿದ್ದಳು.

"ಬಳೆ ಮಾಡ್ಸುಕಾಗ್ದಾ ಅಕ್ಕ? ಇಲಿ, ಹಂದಿ ಕಟ್ಕಂಡ್ ಎಂತ ಮಾಡ್ತೆ?" ಎಂದು ಚಿಕ್ಕಮ್ಮ ಕುಟುಕುತ್ತಿದ್ದಳು.

"ಬಳೆ ಊರಿನೋರ್ ಕಾಂತ್ರ್," ಎನ್ನುವಳು ಅಮ್ಮ, ನೋಡುವ ಸುಖ ಊರಿಗೇಕೆ ಎಂಬಂತೆ. "ಇದನ್ ನಾನ್ ಕಾಂತೆ."

ಯಾವ ಕಳ್ಳನೂ ಮುಟ್ಟದ ಜಾಗವೆಂದು ಬೀಗುತ್ತಿದ್ದ ಅಮ್ಮ ಬೆಕ್ಕನ್ನು ಮರೆತಿದ್ದಳು. ಒಂದು ಮಧ್ಯಾಹ್ನ ನೆಂಟರೆಲ್ಲ ಊಟಕ್ಕೆ ಕುಳಿತಿದ್ದಾಗ ನಮ್ಮ ಬೆಕ್ಕು ಡಬ್ಬಿ ಕೆಡವಿತು. ಹುಲಿ, ಮೊಲ, ಹಂದಿ ಎಲ್ಲ ಬಾಳೆಎಲೆಗಳ ನಡುವೆ ಉರುಳಿದವು. ನಗು ನಿಂತ ಮೇಲೆ ಅಮ್ಮ ಮಾವನನ್ನು ಹಿಡಿದುಕೊಂಡಳು:

"ಹ್ವಾಯ್, ಇಲಿಗೆ ಚಿನ್ನ ಇತ್ತ್, ಬೆಕ್ಕಿಗ್ ಎಂತಕಿಲ್ಲೆ?"

"ಅವ್ರ ಲೆಕ್ಕದಗೆ ಬೆಕ್ಕಿಲ್ಲೆ ಅಕ್ಕ."

"ಹಾಂಗಾರೆ ಲೆಕ್ಕವೇ ತಪ್ಪ್!"

ಆಮೇಲೆ ಮಾವ ರಜೆಗೆ ಬಂದಾಗಲೆಲ್ಲ ಅವಳ ಮೊದಲ ಮಾತೇ, "ಬೆಕ್ಕ್ ಸಿಕ್ತಾ?"

ಕಳೆದ ಮಳೆಗಾಲದಲ್ಲಿ ಅಮ್ಮ ಹೋದಳು. ಮಾವ ಆಗ ಸಮುದ್ರದ ಮೇಲಿದ್ದರು. ನಿನ್ನೆ ಬಂದವರು, ಯಾರೂ ಏನೂ ಕೇಳದ ಅಂಗಳದಲ್ಲಿ ನಿಂತು ಜೇಬಿನಿಂದ ಪೊಟ್ಟಣ ತೆಗೆದು ನನ್ನ ಕೈಗಿಟ್ಟರು. ಬಾಲ ಸುತ್ತಿ ಕುಳಿತ ಚಿನ್ನದ ಬೆಕ್ಕು.

"ವಿಯೆಟ್ನಾಮಿನೋರಿಗೆ ಮೊಲದ ಜಾಗದಗೆ ಬೆಕ್ಕೇ ಅಂಬ್ರ್. ಹುಡ್ಕಿ ತಂದೆ. ಅಕ್ಕ ಹೇಳದ್ದೇ ಸಮ."

ನಾನು ಬೆಲೆ ಕೇಳಿದೆ. ಬೇಡವೆಂದರು.

"ಪುಕ್ಕಟೆಗೆ ಅಮ್ಮ ಒಪ್ತಿದ್ಲಾ ಮಾವ?"

ಕಣ್ಣೊರೆಸಿಕೊಂಡು ನಕ್ಕರು; ದುಡ್ಡು ತೆಗೆದುಕೊಂಡರು.

ಇವತ್ತು ಡಬ್ಬಿ ತೆರೆದದ್ದು ಅದಕ್ಕೇ. ಬೆಕ್ಕನ್ನು ಮೊಲದ ಪಕ್ಕದಲ್ಲಿಟ್ಟೆ. ಸೆಟ್ಲಿಯ ವಾಸನೆಗೆ ನಮ್ಮ ಮುದಿಬೆಕ್ಕು ಬಂದು ಕಾಲು ಸವರಿತು. ಬಾಗಿಲಲ್ಲಿ ನಿಂತ ಚಿಕ್ಕಮ್ಮ ಕೇಳಿದಳು, "ಇನ್ನಾರೂ ಕರಗ್ಸಿ ಬಳೆ ಮಾಡ್ಸ್ಕಂತ್ಯಾ?"

"ಇಲ್ಲೆ ಚಿಕ್ಕಮ್ಮ," ಎಂದೆ. "ಇದನ್ ನಾನ್ ಕಾಂತೆ."