ಎದುರು ಬೆಂಚಿನ ಸುತ್ತಿಗೆ

ಖತಾರಿನಲ್ಲಿ ವಿಶ್ವಕಪ್ ಮುಗಿದ ಮರುವರ್ಷ. ಆಗ ನಾನು ದೋಹಾದ ಹೊರವಲಯದ ಒಂದು ಖಾಸಗಿ ಶೂಟಿಂಗ್ ಕ್ಲಬ್ಬಿನಲ್ಲಿ ಹಿರಿಯ ಆರ್ಮರರ್ ಆಗಿದ್ದೆ. ಆರ್ಮರರ್ ಎಂದರೆ ಬಂದೂಕು, ಪಿಸ್ತೂಲುಗಳನ್ನು ಬಿಚ್ಚಿ, ತೊಳೆದು, ರಿಪೇರಿ ಮಾಡಿ, ಮತ್ತೆ ಜೋಡಿಸುವವನು. ಇಪ್ಪತ್ತನಾಲ್ಕು ವರ್ಷ ಭಾರತೀಯ ಸೇನೆಯಲ್ಲಿ ಅದೇ ಕೆಲಸ ಮಾಡಿ, ಹವಾಲ್ದಾರನಾಗಿ ಹೊರಬಂದು, ಮೈಸೂರಿನಲ್ಲಿ ಆರು ತಿಂಗಳು ಸುಮ್ಮನೆ ಕೂತು, ಹೆಂಡತಿಯ ಬಾಯಿಂದ ತಪ್ಪಿಸಿಕೊಳ್ಳಲು ಗಲ್ಫ್ ವಿಮಾನ ಹತ್ತಿದವನು ನಾನು. ಮುಐದರ್‌ನ ಒಂದು ವಿಲ್ಲಾದಲ್ಲಿ ಒಂದು ಕೋಣೆ, ಬೆಳಿಗ್ಗೆ ಕ್ಲಬ್ಬಿನ ವ್ಯಾನು, ಎದುರಿಗೆ ಮರಳು. ಹನ್ನೊಂದು ವರ್ಷ ಹೀಗೇ ಕಳೆಯಿತು.

ಕ್ಲಬ್ಬಿನ ಸದಸ್ಯರಲ್ಲಿ ಅನೇಕರಿಗೆ ಸ್ವಂತ ಪಿಸ್ತೂಲು ಇತ್ತು. ಪರವಾನಗಿ ಅವರ ಹೆಸರಿನಲ್ಲಿ, ಪಿಸ್ತೂಲು ಮಾತ್ರ ನಮ್ಮ ಕೋತ್‌ನಲ್ಲಿ. ಆಯುಧ ಇಡುವ ಕಬ್ಬಿಣದ ಕೋಣೆಗೆ ಸೇನೆಯಲ್ಲಿ ಕೋತ್ ಎನ್ನುತ್ತಾರೆ. ಆ ಹೆಸರನ್ನು ಅಲ್ಲಿಗೂ ಅಂಟಿಸಿದವನು ನಾನೇ. ಸದಸ್ಯರು ತಮ್ಮ ಪಿಸ್ತೂಲನ್ನು ಕೈಗೆ ಹೊಂದುವಂತೆ ಸಣ್ಣಪುಟ್ಟ ಬದಲಾವಣೆ ಮಾಡಿಸಿಕೊಳ್ಳುತ್ತಿದ್ದರು. ಜಾರದ ಹಿಡಿ, ಗುರಿ ಹಿಡಿಯಲು ನಳಿಗೆಯ ತುದಿಯಲ್ಲಿ ಮಂದ ಕಣ್ಣಿಗೂ ಕಾಣುವ ಹಸಿರು ಚುಕ್ಕೆಯ ಮುಂಗುರಿ, ಗುಂಡು ತುಂಬಿದ ಮ್ಯಾಗಜೀನ್ ಬೀಳಿಸುವ ಗುಂಡಿ ಸ್ವಲ್ಪ ದೊಡ್ಡದು. ಇವೆಲ್ಲ ಹೊರಗಿನ ಕೆಲಸ, ಅಪಾಯವಿಲ್ಲ. ಒಳಗಿನ ಕೆಲಸ, ಅದರಲ್ಲೂ ಟ್ರಿಗರ್ ಕೆಲಸ, ಬೇರೆ ಮಾತು. ತಯಾರಕರು ಹೇಳಿದ್ದಕ್ಕಿಂತ ಟ್ರಿಗರ್ ಹಗುರ ಮಾಡಬಾರದು ಎಂದು ನಮ್ಮ ಗೋಡೆಯ ಮೇಲೆ ಮೂರು ಭಾಷೆಗಳಲ್ಲಿ ಬರೆದಿತ್ತು. ಇಂಗ್ಲಿಷಿನದನ್ನು ಬರೆದವನು ನಾನೇ.

ಇನ್ನೊಂದು ನಿಯಮವೂ ನನ್ನದೇ. ವರ್ಕ್‌ಶಾಪಿನಲ್ಲಿ ಎರಡು ಬೆಂಚು, ಎದುರುಬದುರು. ಒಂದು ಬೆಂಚಿನಲ್ಲಿ ಮಾಡಿದ ಕೆಲಸವನ್ನು ಎದುರು ಬೆಂಚಿನವನು ಪರೀಕ್ಷಿಸಬೇಕು. ಪಿಸ್ತೂಲು ಖಾಲಿ ಇದೆಯೆಂದು ಇಬ್ಬರೂ ಗುಂಡು ಕೂರುವ ಚೇಂಬರಿನೊಳಗೆ ಕಣ್ಣಿಟ್ಟು ನೋಡಬೇಕು. ಆಮೇಲೆ ಪಿಸ್ತೂಲಿನ ಹ್ಯಾಮರನ್ನು, ಎಂದರೆ ಟ್ರಿಗರ್ ಎಳೆದಾಗ ಬಡಿದು ಗುಂಡು ಹಾರಿಸುವ ಹಿಂದಿನ ಕೊಕ್ಕೆಯನ್ನು, ಎಳೆದು ನಿಲ್ಲಿಸಿ, ರಬ್ಬರ್ ಸುತ್ತಿಗೆಯಿಂದ ಹಿಂದೆ, ಮುಂದೆ, ಎಡ, ಬಲ ಹತ್ತು ಏಟು ಹೊಡೆಯಬೇಕು. ಕೈತಪ್ಪಿ ನೆಲಕ್ಕೆ ಬಿದ್ದರೆ ಗುಂಡು ತಾನಾಗಿ ಹಾರುತ್ತದೋ ಇಲ್ಲವೋ ಎಂಬುದು ಇದರಿಂದ ತಿಳಿಯುತ್ತದೆ. ಹ್ಯಾಮರ್ ಬೀಳದಿದ್ದರೆ ಹೊಡೆದವನು ಸಹಿ ಹಾಕುತ್ತಾನೆ. ಸಹಿ ಇಲ್ಲದೆ ಪಿಸ್ತೂಲು ಹೊರಗೆ ಹೋಗುವಂತಿಲ್ಲ.

ಎದುರು ಬೆಂಚಿಗೆ ಇಕ್ಬಾಲ್ ಬಂದದ್ದು ಇದಕ್ಕೆ ಎರಡು ವರ್ಷ ಮೊದಲು. ಬಂಟ್ವಾಳದ ಕಡೆಯ ಬ್ಯಾರಿ ಹುಡುಗ. ಹುಡುಗ ಎಂದರೂ ಮೂವತ್ತನಾಲ್ಕು ವಯಸ್ಸು, ದೋಹಾದ ಅಬು ಹಮೂರ್‌ನಲ್ಲಿ ಹೆಂಡತಿ, ಇಬ್ಬರು ಮಕ್ಕಳು. ಸೇನೆಯ ಮುಖ ನೋಡಿದವನಲ್ಲ. ಮಾರುಕಟ್ಟೆಯಲ್ಲಿ ಕೈಗಡಿಯಾರ ರಿಪೇರಿ ಮಾಡುತ್ತಿದ್ದ. ಗಡಿಯಾರ ರಿಪೇರಿಯವನಿಗೆ ಪಿಸ್ತೂಲು ಕೊಡುತ್ತಾರಲ್ಲ ಎಂದು ನಾನು ನಕ್ಕಿದ್ದೆ. ನಗು ಹೆಚ್ಚು ದಿನ ಉಳಿಯಲಿಲ್ಲ. ಆರು ತಿಂಗಳಲ್ಲಿ ನಾನು ಕಲಿಸಿದ್ದೆಲ್ಲ ಕಲಿತ. ವರ್ಷದಲ್ಲಿ, ನಾನು ಕಲಿಸದ್ದನ್ನೂ ಮಾಡತೊಡಗಿದ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತನೆಂದರೆ ಕೂದಲೆಳೆಯಷ್ಟು ಗೀರು ಕೂಡ ಅವನಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ.

ನಿಧಾನವಾಗಿ ಸದಸ್ಯರು ಬಾಗಿಲಲ್ಲಿ ನಿಂತು ಕೇಳತೊಡಗಿದರು, "ವೇನ್ ಇಕ್ಬಾಲ್?" ಇಕ್ಬಾಲ್ ಎಲ್ಲಿ ಎಂದು. ನಾನು ಎದುರಿಗೇ ಕೂತಿರುತ್ತಿದ್ದೆ. ಹನ್ನೊಂದು ವರ್ಷದಿಂದ ಅದೇ ಕುರ್ಚಿಯಲ್ಲಿ.

ಮುಚ್ಚಿಡುವುದೇನು, ಹೊಟ್ಟೆ ಉರಿಯುತ್ತಿತ್ತು. ಅವನ ಮನೆಯಿಂದ ಮಧ್ಯಾಹ್ನ ಬರುತ್ತಿದ್ದ ಪತ್ತಿರ್ ಎಂಬ ಅಕ್ಕಿ ರೊಟ್ಟಿ ಮತ್ತು ಕೋಳಿ ಸಾರಿನ ಡಬ್ಬಿಯನ್ನು ನನ್ನತ್ತ ತಳ್ಳಿದರೆ, ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಅಂಗಡಿಯ ಒಣ ಖುಬ್ಬೂಸ್ ರೊಟ್ಟಿ ಅಗಿಯುತ್ತಿದ್ದೆ. ಹೊಟ್ಟೆ ಸರಿ ಇಲ್ಲದ್ದು ಸುಳ್ಳೇನಲ್ಲ. ಫೋನಿನಲ್ಲಿ ನನ್ನ ಹೆಂಡತಿ ಮೊದಲು ಕೇಳುತ್ತಿದ್ದದ್ದೇ, "ಏನ್ರೀ, ನಿಮ್ಮ ಸವತಿ ಹೇಗಿದ್ದಾನೆ?" ಎಂದು. ಅವಳಿಗೆ ತಮಾಷೆ. ನನಗೆ ಸುತ್ತಿಗೆಯೇ ಸಮಾಧಾನ. ಅವನ ಕೆಲಸ ನನ್ನ ಬೆಂಚಿಗೆ ಪರೀಕ್ಷೆಗೆ ಬಂದಾಗ ನಾನು ಕೈ ಎತ್ತಿ ಹೊಡೆಯುತ್ತಿದ್ದೆ. ಹತ್ತು ಏಟಿನ ಜಾಗದಲ್ಲಿ ಹನ್ನೆರಡು, ಹದಿನೈದು. ಒಮ್ಮೆಯಾದರೂ ಹ್ಯಾಮರ್ ಬೀಳಲಿ ಎಂದು. ಎರಡು ವರ್ಷದಲ್ಲಿ ಒಮ್ಮೆಯೂ ಬೀಳಲಿಲ್ಲ.

ಬೂ ನಾಸಿರ್ ಎಂಬ ಹಿರಿಯರು ನನ್ನ ಹಳೆಯ ಗಿರಾಕಿ. ಹಮದ್ ಬಂದರಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು, ವಯಸ್ಸು ಎಪ್ಪತ್ತರ ಹತ್ತಿರ. ಪ್ರತಿ ಗುರುವಾರ ಮಧ್ಯಾಹ್ನದ ಮೇಲೆ ತಮ್ಮ ಭಾವಮೈದುನನ ಜೊತೆ ಬಂದು ಗುರಿ ಹೊಡೆಯುತ್ತಿದ್ದರು. ಬೆರಳಿನ ಗಂಟುಗಳು ಊದಿಕೊಂಡು, ಕೈಯಲ್ಲಿ ಸಣ್ಣ ನಡುಕ ಸೇರಿಕೊಂಡಿತ್ತು. ಆ ಚಳಿಗಾಲ ಭಾವಮೈದುನ ವಾರ ವಾರ ಗೆಲ್ಲುತ್ತಿದ್ದ. ಬೂ ನಾಸಿರ್‌ಗೆ ಅದನ್ನು ಸಹಿಸಲಾಗುತ್ತಿರಲಿಲ್ಲ. ಅವರ ಕಷ್ಟ ನನಗಿಂತ ಚೆನ್ನಾಗಿ ಯಾರಿಗೆ ಅರ್ಥವಾಗಬೇಕು?

ಅವರು ಪಿಸ್ತೂಲನ್ನು ಒಯ್ದು ಕೊಟ್ಟದ್ದು ಇಕ್ಬಾಲನ ಬೆಂಚಿಗೆ. ನನ್ನನ್ನು ದಾಟಿಕೊಂಡು ಹೋಗಿ. ಇಕ್ಬಾಲ್ ಮುಂಗುರಿ ಬದಲಿಸಿದ, ಪಿಸ್ತೂಲಿನ ಮೇಲ್ಭಾಗದ ಸ್ಲೈಡ್ ಎಳೆಯಲು ಬೆರಳಿಗೆ ಹಿಡಿತ ಸಿಗುವಂತೆ ಸಣ್ಣ ಹಿಡಿಕೆ ಕೂರಿಸಿದ. ಟ್ರಿಗರ್ ಹಗುರ ಮಾಡು ಎಂದದ್ದಕ್ಕೆ ಮಾತ್ರ ಒಪ್ಪಲಿಲ್ಲ. ಅವರು ಹೋದ ಮೇಲೆ ತಾನಾಗಿಯೇ ನನಗೆ ಹೇಳಿದ, "ಅವರ ಬೆರಳು ನಡುಗ್ತದೆ ಸಾರ್. ಹಗುರ ಮಾಡಿದ್ರೆ ಇವರು ಒತ್ತುವ ಮೊದಲೇ ಅದು ಹೋಗ್ತದೆ. ಅದು ಆಗುದಿಲ್ಲ." ಮಾತು ಸರಿಯಾಗಿತ್ತು. ನಾನು ಹೇಳಬೇಕಾಗಿದ್ದ ಮಾತು ಅವನ ಬಾಯಲ್ಲಿ ಬಂದದ್ದರಿಂದ ನನಗದು ರುಚಿಸಲಿಲ್ಲ.

ಮರುವಾರ ಭಾನುವಾರ, ಇಕ್ಬಾಲ್ ಮಗಳ ಶಾಲೆಯ ಕೆಲಸಕ್ಕೆ ರಜೆ ಹಾಕಿದ್ದ ದಿನ, ಬೂ ನಾಸಿರ್ ಬಂದರು. ಖಾಲಿ ಬೆಂಚು ನೋಡಿ, ತಿರುಗಿ ನನ್ನ ಮುಂದೆ ಕೂತು, ಗಲ್ಫಿನ ಹಿಂದಿಯಲ್ಲಿ ಕೇಳಿದರು. "ಇಕ್ಬಾಲ್ ಬೋಲ್ತಾ ಮಾಫಿ. ತುಮ್ ಸಕ್ತಾ?" ಇಕ್ಬಾಲ್ ಆಗುವುದಿಲ್ಲ ಎನ್ನುತ್ತಾನೆ, ನಿನ್ನ ಕೈಲಾಗುತ್ತದೆಯೇ?

ಗೋಡೆಯ ಮೇಲಿನ ಬರಹ ಅವರ ತಲೆಯ ಹಿಂದೆಯೇ ಇತ್ತು. ನನಗೆ ಕೇಳಿಸಿದ್ದು ಇಷ್ಟೇ: ಇಕ್ಬಾಲನ ಕೈಲಾಗದ್ದು. ಆಗುತ್ತದೆ, ಗುರುವಾರ ಬನ್ನಿ ಎಂದುಬಿಟ್ಟೆ.

ಸೋಮವಾರ, ಮಂಗಳವಾರ ಆ ಕೆಲಸಕ್ಕೆ ಕೂತೆ. ಏನು ಮಾಡಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಯಾರೂ ಮಾಡಬಾರದ ಕೆಲಸ ಅದು. ಎರಡೂವರೆ ಕಿಲೋ ಎಳೆತ ಬೇಕಾಗಿದ್ದ ಟ್ರಿಗರ್ ಒಂದೂಕಾಲು ಕಿಲೋಗೆ ಇಳಿಯಿತು. ಎದುರು ಬೆಂಚಿಗೆ ಕೊಡುವ ಮೊದಲು ನಾನೇ ಒಮ್ಮೆ ಸುತ್ತಿಗೆ ಹಿಡಿದು ಹತ್ತು ಏಟು ಹೊಡೆದು ನೋಡಿದೆ. ಹ್ಯಾಮರ್ ಗಟ್ಟಿಯಾಗಿ ನಿಂತಿತು. ಎಷ್ಟೋ ತಿಂಗಳ ನಂತರ ಅವತ್ತು ಹೊಟ್ಟೆ ತುಂಬ ಉಂಡೆ. ಹೆಂಡತಿ ಸವತಿಯನ್ನು ವಿಚಾರಿಸಿದಾಗ, "ಅವನಿಗೆ ಇನ್ನೂ ಕಲಿಯೋದಿದೆ ಕಣೇ" ಎಂದೆ.

ಗುರುವಾರ ಮೂರು ಗಂಟೆಗೆ ಬೂ ನಾಸಿರ್ ಬಂದು ಪಕ್ಕದ ಮಜ್ಲಿಸ್‌ನಲ್ಲಿ, ಎಂದರೆ ಅತಿಥಿಗಳ ಕೋಣೆಯಲ್ಲಿ, ಚಹಾ ಕುಡಿಯುತ್ತ ಕೂತರು. ಭಾವಮೈದುನನೂ ಜೊತೆಗಿದ್ದ. ನಾನು ಪಿಸ್ತೂಲನ್ನು ಇಕ್ಬಾಲನ ಬೆಂಚಿನ ಮೇಲಿಟ್ಟು, ಪರೀಕ್ಷೆಯ ಚೀಟಿಯನ್ನು ಪಕ್ಕಕ್ಕಿಟ್ಟೆ. ಇಬ್ಬರೂ ಚೇಂಬರ್ ನೋಡಿದೆವು, ಖಾಲಿ. ಅವನು ಟ್ರಿಗರನ್ನು ಒಮ್ಮೆ ಎಳೆದ. ಭೂತಗನ್ನಡಿ ತೆಗೆದು ನನ್ನ ಮುಖ ನೋಡಿದ.

"ಟ್ರಿಗರ್ ಮುಟ್ಟಿದ್ದೀರಾ ಸಾರ್?"

"ಹೌದು. ನಿನಗೇನಪ್ಪಾ ಹೊಟ್ಟೆಕಿಚ್ಚು? ಕೈಲಾದವರು ಮಾಡ್ತಾರೆ. ಸಹಿ ಹಾಕು."

ಹೊಟ್ಟೆಕಿಚ್ಚು ಎಂಬ ಶಬ್ದ ನನ್ನ ಬಾಯಿಂದಲೇ ಬಂತು. ಹೇಳುವಾಗ ನಾಲಗೆ ತಡವರಿಸಲಿಲ್ಲ.

ಇಕ್ಬಾಲ್ ಹ್ಯಾಮರ್ ಎಳೆದು ನಿಲ್ಲಿಸಿ ಸುತ್ತಿಗೆ ಎತ್ತಿಕೊಂಡ. ಒಂದು. ಎರಡು. ಮೂರು. ನಾನು ಕೈ ಕಟ್ಟಿ ನಿಂತು ಎಣಿಸುತ್ತಿದ್ದೆ. ಆರನೆಯ ಏಟಿಗೆ ಟಕ್ ಎಂದು ಹ್ಯಾಮರ್ ಬಿತ್ತು.

ಸಣ್ಣ ಸದ್ದು. ಚೇಂಬರಿನಲ್ಲಿ ಗುಂಡಿದ್ದರೆ ಅದು ಸಣ್ಣ ಸದ್ದಾಗುತ್ತಿರಲಿಲ್ಲ. ಅರ್ಧ ಗಂಟೆ ಕಳೆದಿದ್ದರೆ ಆ ಪಿಸ್ತೂಲು ನಡುಗುವ ಕೈಯಲ್ಲಿ, ಗುಂಡು ತುಂಬಿಕೊಂಡು, ಭಾವಮೈದುನನ ಪಕ್ಕದಲ್ಲಿ ಇರುತ್ತಿತ್ತು. ಅದು ನನಗೂ ಹೊಳೆಯಿತು. ಸೋತವನ ಹಠ ಮಾತ್ರ ಇಳಿದಿರಲಿಲ್ಲ.

"ಬೇಕೂಂತ ಜೋರಾಗಿ ಹೊಡ್ದೆ ನೀನು."

ಅವನು ಸುತ್ತಿಗೆಯನ್ನು ಕೆಳಗಿಟ್ಟ. ದನಿಯಲ್ಲಿ ಸಿಟ್ಟಿರಲಿಲ್ಲ. "ಇಲ್ಲ ಸಾರ್. ನೀವು ನನ್ನ ಕೆಲಸಕ್ಕೆ ಹೇಗೆ ಹೊಡೀತೀರಿ, ಅಷ್ಟೇ ಹೊಡೆದದ್ದು."

ಎಂದರೆ ಅವನಿಗೆ ಗೊತ್ತಿತ್ತು. ಎರಡು ವರ್ಷದಿಂದ ನಾನು ಹೊಡೆದ ಹನ್ನೆರಡು, ಹದಿನೈದು ಏಟುಗಳನ್ನು ಎದುರಿಗೆ ಕೂತು ಅವನು ಎಣಿಸಿದ್ದ. ಎಣಿಸಿಯೂ ಡಬ್ಬಿಯನ್ನು ನನ್ನತ್ತ ತಳ್ಳಿದ್ದ. ಮಂಗಳವಾರ ನಾನು ಹೊಡೆದ ಹತ್ತು ಏಟುಗಳು ಆಗ ನನಗೆ ನೆನಪಾದವು. ಎಷ್ಟು ನಾಜೂಕಾಗಿ ಹೊಡೆದಿದ್ದೆ. ಹ್ಯಾಮರ್ ಬೀಳಬಾರದೆಂಬ ಆಸೆ ಕೈಗೆ ಗೊತ್ತಾಗಿ, ಕೈ ಅದಕ್ಕೆ ತಕ್ಕಂತೆ ಹೊಡೆದಿತ್ತು.

ಮಜ್ಲಿಸ್‌ಗೆ ಹೋಗಿ ಹೇಳಬೇಕಾಗಿತ್ತು. ಬಾಗಿಲವರೆಗಿನ ಹತ್ತು ಹೆಜ್ಜೆಯಲ್ಲಿ ನನಗೊಂದು ಸುಲಭದ ದಾರಿ ಹೊಳೆದದ್ದನ್ನೂ ಬರೆಯಬೇಕು. ನಾನು ಮಾಡಿದ್ದೇನೆ, ಇಕ್ಬಾಲ್ ಸಹಿ ಹಾಕುತ್ತಿಲ್ಲ ಎಂದರೆ ಸಾಕು. ಪೂರ್ತಿ ಸುಳ್ಳಲ್ಲ. ಬೂ ನಾಸಿರ್ ಮ್ಯಾನೇಜರರಿಗೆ ಒಂದು ಫೋನ್ ಮಾಡಿದ್ದರೆ ಆ ಬೆಂಚು ಮರುತಿಂಗಳು ಖಾಲಿಯಾಗುತ್ತಿತ್ತು. ವೀಸಾದ ಮೇಲೆ ಬದುಕುವವರ ಗತಿ ಅಷ್ಟೇ, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಎರಡು ವರ್ಷದಿಂದ ನಾನು ಬೇಡಿಕೊಂಡಿದ್ದು ಅದನ್ನೇ.

"ಖಲಾಸ್?" ಎಂದರು ಬೂ ನಾಸಿರ್, ಕೈ ಚಾಚಿ. ಚಾಚಿದ ಬೆರಳು ನಡುಗುತ್ತಿತ್ತು. ಆ ಬೆರಳು ಕಣ್ಣಿಗೆ ಬೀಳದಿದ್ದರೆ ನಾನು ಏನು ಹೇಳುತ್ತಿದ್ದೆನೋ ಪ್ರಮಾಣ ಮಾಡಿ ಹೇಳಲಾರೆ.

"ಮಾಫಿ ಖಲಾಸ್. ಮೇರಾ ಗಲ್ತಿ," ಎಂದೆ. ಮುಗಿದಿಲ್ಲ, ತಪ್ಪು ನನ್ನದು. ಟ್ರಿಗರ್ ಮುಟ್ಟಬಾರದಿತ್ತು, ಮುಟ್ಟಿದೆ, ಇಕ್ಬಾಲ್ ಹಿಡಿದ, ಇಲ್ಲದಿದ್ದರೆ ಇವತ್ತು ನಿಮ್ಮ ಕೈಯಲ್ಲಿ ಗುಂಡು ತಾನಾಗಿ ಹಾರುತ್ತಿತ್ತು ಎಂದು, ಬಂದಷ್ಟು ಭಾಷೆಯಲ್ಲಿ ಎಲ್ಲ ಹೇಳಿದೆ. ಭಾವಮೈದುನ ಚಹಾದ ಲೋಟ ಕೆಳಗಿಟ್ಟ. ಬೂ ನಾಸಿರ್ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ಬೈದಿದ್ದರೆ ಮನಸ್ಸು ಹಗುರವಾಗುತ್ತಿತ್ತು. ಇನ್ನು ಮುಂದೆ ತಮ್ಮ ಪಿಸ್ತೂಲನ್ನು ಇಕ್ಬಾಲ್ ಬಿಟ್ಟು ಬೇರೆ ಯಾರೂ ಮುಟ್ಟಬಾರದು ಎಂದಷ್ಟೇ ಹೇಳಿ ಎದ್ದರು. ಯಾವುದನ್ನು ತಪ್ಪಿಸಲು ಇಷ್ಟೆಲ್ಲ ಮಾಡಿದ್ದೆನೋ ಅದನ್ನೇ ಅವರ ಬಾಯಿಂದ ಕೇಳಿಸಿಕೊಂಡು ವಾಪಸು ಬಂದೆ. ಮ್ಯಾನೇಜರರು ಲಿಖಿತ ಎಚ್ಚರಿಕೆ ಕೊಟ್ಟರು. ಗೋಡೆಯ ಬರಹವನ್ನು ಬರೆದವನಿಗೇ ಅದನ್ನು ಓದಿಸಿ ಸಹಿ ತೆಗೆದುಕೊಂಡರು.

ಇಕ್ಬಾಲ್ ಒಳಭಾಗಗಳನ್ನೆಲ್ಲ ಮೊದಲಿನಂತೆ ಮಾಡಿ, ಎರಡು ದಿನ ಆ ಪಿಸ್ತೂಲನ್ನು ಸುಮ್ಮನೆ ಹಿಡಿದು ನೋಡುತ್ತ ಕೂತ. ಆಮೇಲೆ ದಪ್ಪ ಹಿಡಿ ತೆಗೆದು ತೆಳುವಾದದ್ದು ಹಾಕಿದ. ತೊಂದರೆ ಇದ್ದದ್ದು ಟ್ರಿಗರಿನಲ್ಲಿ ಅಲ್ಲವೇ ಅಲ್ಲ. ಹಿಡಿ ದಪ್ಪವಾಗಿ ಬೂ ನಾಸಿರ್ ಅವರ ಊದಿದ ಬೆರಳು ಟ್ರಿಗರಿಗೆ ಅರ್ಧವೇ ತಲುಪುತ್ತಿತ್ತು. ತುದಿಯಿಂದ ಎಳೆದರೆ ಯಾವ ಟ್ರಿಗರ್ ಆದರೂ ಭಾರವೇ. ನಾಲ್ಕು ತಿರುಪಿನ ಕೆಲಸ. ಸೇನೆಯಲ್ಲಿ ಹೊಸ ಜವಾನನ ಕೈ ಅಳತೆ ನೋಡಿ ಆಯುಧ ಕೊಡುತ್ತಿದ್ದವನು ನಾನು, ನನಗೆ ಅದು ಯಾಕೆ ಹೊಳೆಯಲಿಲ್ಲ ಎಂದು ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಕೆಲಸ ಮುಗಿಸಿ, ಇಕ್ಬಾಲ್ ಆ ಪಿಸ್ತೂಲನ್ನು ನನ್ನ ಬೆಂಚಿನ ಮೇಲೆ ತಂದಿಟ್ಟ.

"ಹೊಡೀರಿ ಸಾರ್."

"ಅವರು ಮುಟ್ಟಬೇಡ ಅಂದಿದ್ದಾರೆ."

"ಪಿಸ್ತೂಲು ನಾನು ಹಿಡ್ಕೊಳ್ತೇನೆ. ನೀವು ಸುತ್ತಿಗೆ ಹಿಡೀರಿ."

ಹದಿನೈದು ಏಟು ಹೊಡೆದೆ, ಮೊದಲಿನ ಹಾಗೆಯೇ, ಬೀಳಲಿ ಎಂದು. ಬೀಳಲಿಲ್ಲ. ಸಹಿ ಹಾಕಿದೆ. ಆ ಮಧ್ಯಾಹ್ನ ಡಬ್ಬಿ ನನ್ನತ್ತ ಬಂದಾಗ ಎರಡು ಪತ್ತಿರ್ ತಿಂದೆ. ಅದೂ ಚೆನ್ನಾಗಿತ್ತು.

ಇದಾದ ಮೇಲೆ ನನ್ನ ಹೊಟ್ಟೆಕಿಚ್ಚು ಹೋಯಿತು ಎಂದು ಬರೆದರೆ ಓದುವವರಿಗೆ ಹಿತವಾಗಬಹುದು. ಹೋಗಲಿಲ್ಲ. "ವೇನ್ ಇಕ್ಬಾಲ್?" ಎಂದು ಯಾರಾದರೂ ಕೇಳಿದರೆ ಕೊನೆಯವರೆಗೂ ಎದೆಯಲ್ಲಿ ಚುರ್ ಎನ್ನುತ್ತಿತ್ತು. ಕೆಲಸ ನನಗೆ ಕಲಿಸಿದ್ದು ಬೇರೆ. ನನ್ನ ಕೆಲಸವನ್ನು ಪರೀಕ್ಷಿಸಲು ನನ್ನ ಕೈಗೆ ಕೊಡಬಾರದು, ನನ್ನನ್ನು ಮೆಚ್ಚುವವರ ಕೈಗೂ ಕೊಡಬಾರದು. ಅದು ಸೋಲಲಿ ಎಂದು ಮನಸ್ಸಿನಲ್ಲೇ ಹಾರೈಸುವವನೊಬ್ಬ ಎದುರು ಬೆಂಚಿನಲ್ಲಿರಬೇಕು, ಅವನ ಕೈಯಲ್ಲಿ ಸುತ್ತಿಗೆ ಇರಬೇಕು. ಅಂಥವನು ಇಕ್ಬಾಲನಿಗೆ ನನ್ನ ರೂಪದಲ್ಲಿ ಸಿಕ್ಕಿದ್ದ. ನನಗೆ ಸಿಕ್ಕಿದ್ದು ಅಂಥವನಿಗಿಂತ ಒಳ್ಳೆಯವನು. ಕಿಚ್ಚಿಲ್ಲದೆಯೂ ಅಷ್ಟೇ ಜೋರಾಗಿ ಹೊಡೆಯಬಲ್ಲವನು.

ಕಳೆದ ವರ್ಷ ಕೆಲಸ ಬಿಟ್ಟು ಮೈಸೂರಿಗೆ ಬಂದೆ. ನನ್ನ ಬೆಂಚಿಗೆ ಹೊಸಬರೊಬ್ಬರು ಸೇರಿದ್ದಾರೆ. ಹೋದ ವಾರ ಇಕ್ಬಾಲನ ವಾಯ್ಸ್ ಮೆಸೇಜ್ ಬಂತು.

"ಹೊಸಬರು ಭಾರಿ ಒಳ್ಳೆ ಜನ ಸಾರ್. ನನ್ನ ಕೆಲಸ ಅಂದ್ರೆ ಅವರಿಗೆ ಭಾರಿ ಇಷ್ಟ. ಸುತ್ತಿಗೆ ಮೆಲ್ಲ ಹೊಡೀತಾರೆ. ನಂಗೆ ಹೆದರಿಕೆ ಆಗ್ತದೆ."

ಮೂರು ಸಲ ಕೇಳಿದೆ. ನಾನು ಕೂತಿದ್ದ ಕುರ್ಚಿಯಲ್ಲಿ ಕೂತು, ನನ್ನ ಸುತ್ತಿಗೆ ಹಿಡಿದು, ನನ್ನ ಇಕ್ಬಾಲನ ಕೆಲಸಕ್ಕೆ ಮೆಲ್ಲಗೆ ಹೊಡೆಯುತ್ತಿರುವ ಆ ಮನುಷ್ಯ ಯಾರೋ ಎಂದು ಹೊಟ್ಟೆಯಲ್ಲಿ ಅದೇ ಹಳೆಯ ಉರಿ ಎದ್ದಿತು.